ನೀಮಂತರ ಮನೆಯ ಅಳು

ಗಂಡ ಸತ್ತ ದಿನ ಹೊಳೆವ್ವ ನಮ್ಮ ಮನೆಗೆ ಉಳ್ಳಾಗಡ್ಡಿ ಕೇಳಲು ಬಂದಳು. ಬೆಳಗಿನ ಹತ್ತರ ಹೊತ್ತು. ಹೆಣ ಇನ್ನೂ ಅವರ ಪಡಸಾಲೆಯಲ್ಲೇ ಇತ್ತು. ನಾನು ನಮ್ಮ ಕಟ್ಟೆಯ ಮೇಲೆ ಕೂತು ಊರಿನ ಹೆಸರಿನ ಪುಸ್ತಕಕ್ಕೆ ಹೊಸ ರಟ್ಟು ಹೊಲಿಯುತ್ತಿದ್ದೆ.

"ಎಷ್ಟು ಬೇಕವ್ವಾ?" ಅಂದೆ.

"ಇದ್ದಷ್ಟು ಕೊಡು ರಾಚಣ್ಣಾ. ಮನ್ಯಾಗಿನವು ಹತ್ತು ಹೆಚ್ಚಿದೆ. ಕಣ್ಣಾಗ ಒಂದು ಹನಿ ಇಲ್ಲ."

ನನ್ನ ಹೆಂಡತಿ ಬಾಳವ್ವ ಒಂದು ಮೊರ ತುಂಬ ಕೊಟ್ಟಳು. ಹೊಳೆವ್ವ ಅಷ್ಟನ್ನೂ ಉಡಿಯಲ್ಲಿ ಹಾಕಿಕೊಂಡು ಹೋದಳು. ಮಣ್ಣಿಗೆ ಬಂದ ಹೆಂಗಸರೆಲ್ಲ ಈಳಿಗೆಮಣೆ ಹಿಡಿದು ಹೆಣದ ಸುತ್ತ ಕೂತು ಹೆಚ್ಚಿದರು. ಹೆಚ್ಚಿದ್ದೇ ಬಂತು. ಹೊಸ್ತಿಲಾಚೆ ಕಣ್ಣು ಉರಿಸುವ ಉಳ್ಳಾಗಡ್ಡಿ ಆ ಮನೆಯ ಒಳಗೆ ಗಜ್ಜರಿಯಂತೆ ಸಪ್ಪಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬದನೆಕಾಯಿ ಈ ಸಲ ಹುಳುಕು ಅಂತ ಮಾತಾಡಿ ಎದ್ದುಹೋದರು. ಸಂಜೆ ಹೊಳೆವ್ವ, ಹೆಚ್ಚಿದ್ದು ಹಾಳಾಗಬಾರದು ಅಂತ, ಅದನ್ನೆಲ್ಲ ಪಲ್ಯ ಮಾಡಿ ಎರಡು ರೊಟ್ಟಿ ಉಂಡಳು. ಹಸಿವಿತ್ತು, ರುಚಿಯೂ ಆಯಿತು ಅಂತ ಆಮೇಲೆ ಆಕೆಯೇ ನನಗೆ ಹೇಳಿದಳು.

ಆಕೆಯದೇನೂ ತಪ್ಪಿಲ್ಲ. ಆಕೆ ನೀಮಂತರ ಮನೆಯ ಸೊಸೆ.

ನಮ್ಮ ಊರು ಸಮುದ್ರಕ್ಕಿಂತ ಒಂದಾಳು ಕೆಳಗಿದೆ. ನಡುವೆ ಒಂದು ಒಡ್ಡು. ಒಡ್ಡಿನ ಆಚೆ ನೀರು, ಈಚೆ ನಾವು. ಈ ಒಡ್ಡು ಕಟ್ಟಿಸಿದವರು ಡಚ್ಚರು. ನನ್ನ ಮುತ್ತಜ್ಜನ ಅಪ್ಪನ ಕಾಲಕ್ಕೆ ಹಡಗಿನಲ್ಲಿ ಬಂದವರು. ಒಡ್ಡಿನ ಕೆಲಸಕ್ಕೆ ಯಾವ ಮನೆಯ ಪಾಳಿ ಯಾವತ್ತು ಅಂತ ಬರೆದಿಡಬೇಕಲ್ಲ, ಅದಕ್ಕೆ ಅವರ ಸಾಹೇಬನೊಬ್ಬ ಮೇಜು ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದು ಅಡ್ಡಹೆಸರು ಕೇಳಿದ. ನಮ್ಮವರಿಗೆ ಹೆಸರಿತ್ತು, ಅಡ್ಡಹೆಸರು ಇರಲಿಲ್ಲ. ಗಾಳಿ ತಿರುಗಿದರೆ ಹಡಗು ಹೋಗುತ್ತದೆ, ಹಡಗಿನ ಜೊತೆ ಪುಸ್ತಕವೂ ಹೋಗುತ್ತದೆ ಅಂತ ತಿಳಿದು, ಬಾಯಿಗೆ ಬಂದದ್ದು ಹೇಳಿದರು. ರೊಟ್ಟಿ ಸುಡುವವನು ರೊಟ್ಟಿ ಸುಡುವವ ಅಂದ, ಸಾಹೇಬ ಅದನ್ನು ತನ್ನ ಮಾತಿನಲ್ಲಿ ಬಾಕರ್ ಅಂತ ಬರೆದುಕೊಂಡ. ಮೀನು ಹಿಡಿಯುವವ ಫಿಸ್ಸರ್ ಆದ. ಒಬ್ಬ ಬತ್ತಲೆ ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡು ನಿಂತಿದ್ದ. "ನಾವು ಬತ್ತಲೆ ಹುಟ್ಟಿದ ಮಂದಿ, ಹಂಗ ಬರ್ಕೋರಿ" ಅಂದ. ನಾಕ್ತ್‌ಖೆಬೋರನ್ ಆಯಿತು. ಅಣ್ಣತಮ್ಮಂದಿರ ಜಗಳದಲ್ಲಿ ಪಾಲು ಕಳೆದುಕೊಂಡಿದ್ದ ಇನ್ನೊಬ್ಬ ಸಿಟ್ಟಿನಿಂದ "ನೆಲ ಇಲ್ಲದವ ಅನ್ರಿ" ಅಂದ. ಝೋಂಡರ್‌ಲಾಂಡ್ ಆಯಿತು, ಈಗ ನಾವು ಸೋಂದ್ರರು ಅಂತೀವಿ.

ಕೊನೆಗೆ ಬಂದವನು ಫಕೀರಪ್ಪ ಅನ್ನುವ ಮೋಜಿನ ಮನುಷ್ಯ. ಮೀಸೆ ತಿರುವಿ, "ನನ್ನ ಚಿಂತಿ ನಿಮಗ್ಯಾಕ್ರಿ ಸಾಹೇಬ್ರ? ನಾ ಯಾರ ದುಃಖಾನೂ ಅಲ್ಲ ಅಂತ ಬರ್ಕೊಂಡುಬಿಡ್ರಿ" ಅಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಸಾಹೇಬನೂ ನಕ್ಕನಂತೆ. ನಕ್ಕು, ನೀಮಂತ್ಸ್‌ಫರ್ದ್ರೀತ್ ಅಂತ ಬರೆದ. ಅವರ ಮಾತಿನಲ್ಲಿ ಯಾರ ದುಃಖವೂ ಅಲ್ಲ ಅಂತಲೇ ಅರ್ಥ. ಊರ ಬಾಯಲ್ಲಿ ಅದು ನೀಮಂತ ಅಂತ ಸವೆಯಿತು. ಆ ಹೊತ್ತಿಗೆ ಮಸಿಕುಡಿಕೆ ಹಿಡಿದು ನಿಂತಿದ್ದವನು ನಮ್ಮ ಹಿರಿಯ. ಅವನನ್ನು ಸ್ಖ್ರೈಫರ್, ಬರೆಯುವವ, ಅಂತ ಬರೆದು ಪುಸ್ತಕ ಮುಚ್ಚಿದರು. ಹಡಗು ಹೋಯಿತು. ಪುಸ್ತಕ ಉಳಿಯಿತು.

ಅಂದಿನಿಂದ ಬಾಕರರ ಮನೆಯಲ್ಲಿ ಬಿಟ್ಟು ಬೇರೆಲ್ಲೂ ಹಿಟ್ಟು ಉಬ್ಬುವುದಿಲ್ಲ. ಫಿಸ್ಸರರ ಬಲೆಗೆ ಬಿಟ್ಟು ಬೇರೆಯವರ ಬಲೆಗೆ ಮೀನು ಬೀಳುವುದಿಲ್ಲ. ನಾಕ್ತರ ಕೂಸುಗಳಿಗೆ ಏನು ತೊಡಿಸಿದರೂ ಹೊಲಿಗೆ ಬಿಚ್ಚಿ ಬೀಳುತ್ತದೆ. ಬಾಯಿ ಬಂದು ತಾನಾಗಿ ಅಂಗಿ ಕೇಳುವ ತನಕ ಕೂಸು ಬತ್ತಲೆ. ಅದಕ್ಕೆ ಆ ಮನೆಯ ತಾಯಂದಿರು ಮಕ್ಕಳಿಗೆ ಅವ್ವಾ ಅನ್ನುವುದಕ್ಕಿಂತ ಮೊದಲು ಅಂಗಿ ಅನ್ನುವುದನ್ನು ಕಲಿಸುತ್ತಾರೆ. ಸೋಂದ್ರರು ದೋಣಿಯ ಮೇಲೆ ಮನೆ ಮಾಡಿಕೊಂಡಿದ್ದಾರೆ. ಅವರ ಅಜ್ಜನೊಬ್ಬ ಕುಂಬಳಬಳ್ಳಿ ಹಾಕಲು ಒಂದು ತುಂಡು ಜಾಗ ತನ್ನದು ಮಾಡಿಕೊಂಡ. ಮೂರನೇ ದಿನ ಅಡಿಯಿಂದ ನೀರು ಎದ್ದು ಜಾಗವೇ ಕರಗಿ ಹೋಯಿತು. ಅವರ ಹೆಂಗಸರು ಒಂದು ಕುಂಡದಲ್ಲಿ ಗಿಡವನ್ನೂ ಇಡುವುದಿಲ್ಲ. ನೀಮಂತರಲ್ಲಿ ಯಾರಿಗೆ ಏನಾದರೂ, ಯಾರು ಸತ್ತರೂ, ಮನೆಯವರಿಗಾಗಲಿ ಊರವರಿಗಾಗಲಿ ದುಃಖ ಹುಟ್ಟುವುದಿಲ್ಲ. ಊರು ಬಿಟ್ಟು ಹೋದವರೂ ಇದ್ದಾರೆ. ಹೆಸರು ಅವರ ಬೆನ್ನಿಗೇ ಹೋಯಿತು.

ನಮ್ಮ ಮನೆತನದ್ದು ಪುಸ್ತಕ ಕಾಯುವ ಕೆಲಸ. ನಾನು ಶಾಲೆಗೆ ಹೋದದ್ದು ಎರಡನೇ ಇಯತ್ತೆಯ ತನಕ. ಆದರೂ ಕೈ ಬರೆಯುತ್ತದೆ. ಹುಟ್ಟಿದವರನ್ನು ಬರೆಯುತ್ತೇನೆ. ಮದುವೆಯಾದರೆ, ದತ್ತು ಹೋದರೆ ಒಂದು ಮನೆಯ ಹಾಳೆಯಿಂದ ಹೊಡೆದುಹಾಕಿ ಇನ್ನೊಂದು ಮನೆಯ ಹಾಳೆಗೆ ಬರೆಯುತ್ತೇನೆ. ಹೆಣ್ಣುಮಗಳು ತವರಿಗೆ ತಿರುಗಿ ಬಂದರೆ ಎರಡೂ ಮನೆಯವರ ಹೆಬ್ಬೆಟ್ಟು ಬೇಕು. ಮಸಿ ಒಣಗಿದ ಮೇಲೆ ಹೆಸರು ಹಿಡಿಯುತ್ತದೆ. ಇಷ್ಟೇ ನನಗೆ ಗೊತ್ತಿರುವುದು.

ಹೊಳೆವ್ವ ಬಾಕರರ ಮಗಳು. ಚಿಕ್ಕವಳಿದ್ದಾಗ ಅತ್ತು ಕರೆದು ಬೆಳೆದವಳು. ಅವಳ ಅಜ್ಜಿ ಸತ್ತಾಗ ಒಲೆಯ ಮುಂದೆ ಬಿದ್ದು ಹೊರಳಾಡಿದ್ದನ್ನು ನಾನೇ ಕಂಡಿದ್ದೇನೆ. ಅಳು ಅಂದರೆ ಏನೆಂದು ಅವಳಿಗೆ ನೆನಪಿತ್ತು. ತಮ್ಮವರಿಗಾಗಿ ಅತ್ತೇ ಗೊತ್ತಿಲ್ಲದ, ನೀಮಂತರಲ್ಲೇ ಹುಟ್ಟಿದವರಿಗೆ ಆ ಕಾಟವಿಲ್ಲ. ಗಂಡ ಸತ್ತು ತಿಂಗಳೊಪ್ಪತ್ತಿನಲ್ಲಿ ಅವಳ ಮಗಳು ಕಸ್ತೂರಿ ಕೆಮ್ಮಲು ಶುರುಮಾಡಿದಳು. ಹತ್ತೊಂಬತ್ತರ ಹುಡುಗಿ, ಬಾಯಿ ಜೋರು. ಕೆಮ್ಮಿನಲ್ಲಿ ರಕ್ತ ಬಿತ್ತು. ವೈದ್ಯ ನಾಡಿ ಹಿಡಿದು, ಬರುವ ಮಳೆಗಾಲ ದಾಟುವುದು ಕಷ್ಟ ಅಂದ.

ಮರುದಿನವೇ ಹೊಳೆವ್ವ ನಮ್ಮ ಕಟ್ಟೆಗೆ ಬಂದು ಕೂತಳು.

"ರಾಚಣ್ಣಾ, ವೈದ್ಯ ಹಂಗಂದ. ನಾ ಕೇಳಿ, ಹೌದೇನ್ರಿ ಅಂದು, ಅವಗ ಮಜ್ಜಿಗಿ ಕೊಟ್ಟು ಕಳಿಸಿದೆ. ಕೈ ನಡುಗಲಿಲ್ಲ, ಏನಿಲ್ಲ. ಗಂಡ ಸತ್ತಾಗ ಪಲ್ಯ ಮಾಡಿದೆ. ಮಗಳು ಸತ್ತರ ಏನ್ ಮಾಡ್ತೀನೋ? ಹೋಳಿಗಿ ಮಾಡ್ತೀನೇನೋ?"

"ನಿನ್ನ ಕೈಯಾಗ ಏನೈತಿ ತಂಗಿ?"

"ನನ್ನ ಕೈಯಾಗಿಲ್ಲ, ನಿನ್ನ ಪುಸ್ತಕದಾಗ ಐತಿ. ಆಕೀನ ನಮ್ಮ ಹೆಸರಿನಿಂದ ಹೊರಗ ಹಾಕು. ಆಕಿ ಹೋದಾಗ ಒಬ್ಬರಾರ ಅಳಬೇಕು. ನಾ ಅಳಬೇಕು. ಹೆತ್ತಾಕಿ ನಾನು."

ಮೊದಲು ತನ್ನ ತವರಿಗೆ ಹೋದಳು. ಅಣ್ಣನಿಗೆ, ಮಗಳನ್ನು ದತ್ತು ತಗೋ, ಬಾಕರ ಅಂತ ಸಾಯಲಿ ಅಂದಳು. ಅಣ್ಣ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೆಂಡತಿಯ ಕಡೆ ನೋಡಿದ. ಅತ್ತಿಗೆ ಬಾಯಿಬಿಟ್ಟು ಹೇಳಿದಳು: "ಕೆಮ್ಮೋ ಹುಡುಗೀನ ಹಿಟ್ಟಿನ ಮನಿಗೆ ಹೆಂಗ ತಗೋಬೇಕವ್ವಾ? ಊರೆಲ್ಲಾ ನಮ್ಮ ರೊಟ್ಟಿ ತಿಂತೈತಿ." ಆ ಮಾತೂ ಸುಳ್ಳಲ್ಲ. ಮತ್ತೆ ನಾಲ್ಕು ಮನೆ ತಿರುಗಿದಳು. ಯಾರೂ ಬಾಗಿಲು ಪೂರಾ ತೆರೆಯಲಿಲ್ಲ.

ಬಾಗಿಲೇ ಇಲ್ಲದ ಮನೆಯೊಂದಿತ್ತು. ಸೋಂದ್ರರ ದ್ಯಾಮಣ್ಣ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಇಪ್ಪತ್ತೈದರ ಗಟ್ಟಿಮುಟ್ಟಾದ ಹುಡುಗ, ಮಾತು ಕಮ್ಮಿ. ಕಸ್ತೂರಿ ಚಿಕ್ಕಂದಿನಿಂದ ಅವನ ದೋಣಿಯಲ್ಲಿ ಕೂತು ಅವನನ್ನು ಬೈಯುತ್ತಲೇ ಹೊಳೆ ದಾಟಿದವಳು. ಹೊಳೆವ್ವ ನನ್ನನ್ನೂ ಕರೆದುಕೊಂಡು ಹೋಗಿ, ದಂಡೆಯಲ್ಲಿ ನಿಂತು ಮದುವೆಯ ವಿಷಯ ಹೇಳಿದಾಗ ಅವನು ದೋಣಿ ನೂಕುವ ಬಿದಿರ ಜಲ್ಲೆಯನ್ನು ನೀರಿಂದ ಎತ್ತಿ ಮೊಳಕಾಲ ಮೇಲೆ ಇಟ್ಟುಕೊಂಡ.

"ಮಳಿಗಾಲ ದಾಟಂಗಿಲ್ಲ ಅಂತ ಹೇಳ್ಯಾನ ವೈದ್ಯ" ಅಂದಳು ಹೊಳೆವ್ವ.

"ಕೇಳೀನಿ."

"ಮುಂದ ನೀ ಹೆಂಡ್ತಿ ಇಲ್ಲದ ರಂಡಮುಂಡ ಆಗ್ತಿ."

"ಆಗ್ತೀನಿ. ಆಕಿ ಏನಂತಾಳ?"

ಕಸ್ತೂರಿ ಅವ್ವನ ಹಿಂದೆಯೇ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ಆಕಿ ಅಂತಾಳ, ಈ ಮೂಗ ಬಸವಣ್ಣನ ಸಂಗಾಟ ಆರು ತಿಂಗಳಾ? ಸಾಯೂದಕ್ಕ ಮದಲ ಬ್ಯಾಸರಾಗಿ ಸಾಯ್ತೀನಿ" ಅಂದಳು. ದ್ಯಾಮಣ್ಣ ನಕ್ಕ. ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ದ್ಯಾಮಣ್ಣನ ತಾಯಿ ತುಂಗವ್ವ ನೇರ ಹೆಂಗಸು. ದೋಣಿಯ ಅಂಚಿನಲ್ಲಿ ಕೂತು ಮೊದಲೇ ಎಲ್ಲ ಬಿಚ್ಚಿ ಹೇಳಿದಳು. "ನೋಡವ್ವಾ ಬೀಗತಿ, ನಮಗ ಮಣ್ಣಿಲ್ಲ. ಯಾರ ಜಾಗದಾಗ ಹುಗಿದರೂ ಹೆಣ ಮಲಗಿದ ಮ್ಯಾಲ ಅದು ಹೆಣದ ನೆಲ ಆಗತೈತಿ. ರಾತ್ರಿ ಕಳೆಯೂದ್ರಾಗ ನೀರು ಎದ್ದು ಮ್ಯಾಲ ತಂದು ಇಡತೈತಿ. ನಮ್ಮತ್ತೀನ ಹಂಗ ನೋಡೀನಿ, ಎರೆದು ಮಲಗಿಸಿದಂಗ ಮಲಗಿದ್ಲು. ಅದಕ್ಕ ನಾವು ಕಲ್ಲು ಕಟ್ಟಿ ಸಮುದ್ರಕ್ಕ ಬಿಡತೀವಿ. ಸಮುದ್ರದ ತಳಾನೂ ನೆಲಾನ ಹೌದಲ್ಲ? ಎರಡ್ಮೂರು ಸಲ ತಿರುಗಿ ಬರ್ತಾರ. ಮತ್ತ ಅಳತೀವಿ, ಮತ್ತ ಬಿಡತೀವಿ."

ಸುಡುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಬದ್ದ ಕಟ್ಟಿಗೆಯೆಲ್ಲ ಒಡ್ಡಿಗೇ ಬೇಕು.

ಅಲ್ಲಿಂದ ಎದ್ದು ಬರುವಾಗ ನಾನು ಹೊಳೆವ್ವನಿಗೆ, ಇನ್ನೊಮ್ಮೆ ವಿಚಾರ ಮಾಡು ಅಂದೆ. ಅವಳ ಮುಖದಲ್ಲಿ ಸಂತೋಷವಿತ್ತು. "ವಿಚಾರ ಏನು ರಾಚಣ್ಣಾ? ಮಂದಿಗೆ ಸತ್ತವರ ಮಾರಿ ಒಮ್ಮೆ ನೋಡಾಕ ಸಿಗತೈತಿ. ನನಗ ಎರಡ್ಮೂರು ಸಲ ಸಿಗತೈತಿ!" ಅಂದಳು. ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ನಾನೂ ಆಗ, ಹೌದಲ್ಲ, ಅಂದುಕೊಂಡೆ.

ಮಾಘದಲ್ಲಿ ಮದುವೆ. ಒಡ್ಡಿನ ಮೇಲೆ ಚಾಪೆ ಹಾಸಿ, ಪುಸ್ತಕ ತೆರೆದು, ನೀಮಂತರ ಹಾಳೆಯಲ್ಲಿ ಕಸ್ತೂರಿಯ ಹೆಸರಿನ ಮೇಲೆ ಗೆರೆ ಎಳೆದೆ. ಸೋಂದ್ರರ ಹಾಳೆಯಲ್ಲಿ ಬರೆದೆ. ಹೊಳೆವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಳ್ಳುತ್ತ, "ಊಟಕ್ಕ ಏಳ್ರಿ" ಅಂದಳು. ನಾನು ಮಸಿಯ ಮೇಲೆ ಉಸುಕು ಉದುರಿಸಿ ಊದಿದೆ. ಮಸಿ ಒಣಗಿತು.

ಆಗ ಕಸ್ತೂರಿ ಕೆಮ್ಮಿದಳು. ಎಂದಿನ ಕೆಮ್ಮೇ. ಹೊಳೆವ್ವ ಮಗಳ ಕಡೆ ತಿರುಗಿ ನೋಡಿದಳು. ನೋಡಿದವಳು ನೋಡುತ್ತಲೇ ನಿಂತಳು. ಕೈಯಲ್ಲಿದ್ದ ಅಕ್ಕಿಯ ತಟ್ಟೆ ಬಿತ್ತು. "ಅಯ್ಯೋ, ಎಷ್ಟು ಸೊರಗಿ ಹೋಗ್ಯಾಳ! ನನ್ನ ಕೂಸು ಎಷ್ಟು ಸೊರಗಿ ಹೋಗೈತಿ! ಯಾರೂ ನನಗ ಹೇಳಲಿಲ್ಲ!" ಅಂತ ಕೂಗಿ ಒಡ್ಡಿನ ಮೇಲೇ ಕುಸಿದಳು. ಅಷ್ಟು ತಿಂಗಳಿಂದ ದಿನಾ ಅವಳ ತಲೆ ಬಾಚಿದವಳು, ದಿನಾ ರಕ್ತದ ಅರಿವೆ ಒಗೆದವಳು ಅವಳೇ. ಮದುವೆಗೆ ಬಂದವರು ಊಟ ಬಿಟ್ಟು ಅವಳನ್ನು ಹಿಡಿದುಕೊಂಡರು. ಕಸ್ತೂರಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಾ ಇನ್ನಾ ಸತ್ತಿಲ್ಲ ಯವ್ವಾ. ಸ್ವಲ್ಪ ಉಳಿಸಿಕೋ" ಅಂದಳು.

ದೋಣಿಯ ಮೇಲೆ ಕಸ್ತೂರಿ ಐದು ತಿಂಗಳು ಇದ್ದಳು. ಚೆನ್ನಾಗಿಯೇ ಇದ್ದಳು ಅನ್ನಬೇಕು. ದ್ಯಾಮಣ್ಣ ಅವಳಿಗೆ ದೋಣಿಯ ಮೂತಿಯಲ್ಲಿ ಹಾಸಿಗೆ ಮಾಡಿಕೊಟ್ಟಿದ್ದ. ಅಲ್ಲಿ ಒರಗಿಕೊಂಡು, ಹೊಳೆ ದಾಟುವವರಿಗೆಲ್ಲ ಒಂದೊಂದು ಮಾತು ಹೇಳಿ ನಗಿಸುತ್ತಿದ್ದಳು. ನಾನು ಹತ್ತಿದಾಗ, "ರಾಚಣ್ಣಮಾಮಾ, ನನ್ನ ಹೆಸರು ಚಂದಾಗಿ ಬರದಿಯೋ, ಕಾಗಿ ಕಾಲು ಗುಬ್ಬಿ ಕಾಲು ಮಾಡಿಯೋ?" ಅಂತ ಕೇಳುತ್ತಿದ್ದಳು. ಹೊಳೆವ್ವ ದಿನಾ ಬೆಳಗ್ಗೆ ಗಂಜಿ ತಂದು, ದಂಡೆಯಲ್ಲಿ ಕೂತು ಅತ್ತು, ಮುಖ ತೊಳೆದುಕೊಂಡು ಆಮೇಲೆ ದೋಣಿ ಹತ್ತುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ, ಗಂಡ ಜಲ್ಲೆ ಹಾಕುತ್ತಿರುವಾಗಲೇ, ಹೊಳೆಯ ನಡುವೆ ಕಸ್ತೂರಿಯ ಉಸಿರು ನಿಂತಿತು. ದೋಣಿಯಲ್ಲಿದ್ದ ಮಂದಿ ಅವಳು ನಿದ್ದೆ ಹೋದಳು ಅಂದುಕೊಂಡಿದ್ದರು. ದ್ಯಾಮಣ್ಣ ಮಾತ್ರ ಜಲ್ಲೆ ಬಿಟ್ಟ. ದೋಣಿ ತಾನೇ ತಿರುಗುತ್ತ ತಿರುಗುತ್ತ ದಂಡೆಗೆ ಬಂದು ನಿಂತಿತು.

ಹೊಳೆವ್ವ ಅತ್ತಳು. ಊರು ಅತ್ತಿತು. ಉಳ್ಳಾಗಡ್ಡಿಯ ಮಾತೇ ಬರಲಿಲ್ಲ. ಎದೆ ಬಡಿದುಕೊಂಡು ಅಳುವ ನಡುನಡುವೆ ಹೊಳೆವ್ವ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಳು, ನೋಡಿದೆಯಾ, ಗೆದ್ದೆ, ಅನ್ನುವ ಹಾಗೆ. ಆ ನೋಟವನ್ನು ನಾನು ಮರೆತಿಲ್ಲ. ಸಂಜೆಯೊಳಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಒಯ್ದು ಬಿಟ್ಟು ಬಂದರು.

ನಾಲ್ಕನೇ ದಿನ ಒಡ್ಡಿನ ಮೆಟ್ಟಿಲ ಮೇಲೆ ಕಸ್ತೂರಿ ಇದ್ದಳು. ಕಟ್ಟಿದ ಹಗ್ಗದ ಗಂಟು ಹಾಗೇ ಇತ್ತು, ಕಲ್ಲು ಇರಲಿಲ್ಲ. ಕೂದಲು ಬಿಚ್ಚಿತ್ತು, ಮುಖ ಬಾತಿತ್ತು, ಆದರೂ ಕಸ್ತೂರಿಯೇ. ಹೊಳೆವ್ವ ಮುಖಕ್ಕೆ ಅರಿಸಿನ ಹಚ್ಚಿ, ಹೊಸ ಸೀರೆ ಸುತ್ತಿ, ಮೊದಲ ದಿನದಷ್ಟೇ ಅತ್ತಳು. ಮತ್ತೆ ಬಿಟ್ಟರು.

ಎರಡನೇ ಸಲ ಆರು ದಿನಕ್ಕೆ ಬಂದಳು. ಈ ಸಲ ಮಂದಿ ಮೂಗಿಗೆ ಬಟ್ಟೆ ಹಿಡಿದು ನಿಂತರು. ಮೀನು ಒಂದು ಕಿವಿ ತಿಂದಿತ್ತು. ಅರಿಸಿನ ಹಚ್ಚಲು ಹೋದ ಹೊಳೆವ್ವನ ಬೆರಳಿಗೆ ಕೆನ್ನೆಯ ಚರ್ಮ ಅಂಟಿಕೊಂಡು ಬಂತು. ಅವಳು ಬೆರಳನ್ನು ಹಾಗೇ ಮುಂದೆ ಹಿಡಿದುಕೊಂಡು ಕೂತುಬಿಟ್ಟಳು. ತುಂಗವ್ವ ನೀರು ತಂದು ಕೈ ತೊಳೆಸಿದಳು. "ಇನ್ನೊಂದು ಸಲ ಬರಬಹುದು, ಬೀಗತಿ. ಆಮ್ಯಾಲ ಬರಾಕ ಏನೂ ಉಳಿಯಂಗಿಲ್ಲ. ನಮಗ ರೂಢಿ ಐತಿ. ನಾವು ಮದಲನೇ ಸಲ ಬಿಟ್ಟ ಮ್ಯಾಲ ಮಾರಿ ನೋಡಂಗಿಲ್ಲ. ನಿನಗ ಅದನ್ನ ಹೇಳೂದು ಮರತೆ" ಅಂದಳು.

ಮೂರನೇ ಸಲ ಬಿಟ್ಟು ಬಂದ ಮರುದಿನ ಹೊಳೆವ್ವ ನಮ್ಮ ಕಟ್ಟೆಗೆ ಬಂದಳು. ದ್ಯಾಮಣ್ಣನನ್ನೂ ಕೈ ಹಿಡಿದು ಕರೆತಂದಿದ್ದಳು.

"ರಾಚಣ್ಣಾ, ಆಕಿ ಹೆಸರು ತಿರುಗಿ ನಮ್ಮ ಹಾಳಿಗೆ ಬರಿ. ನೀಮಂತರಿಗೆ ಅಳು ಇಲ್ಲ. ಆದರ ಮಣ್ಣೈತಿ. ಇನ್ನೊಮ್ಮೆ ಬಂದಾಗ ಅವರಪ್ಪನ ಬಾಜೂಕ ಮಲಗಲಿ."

ಸತ್ತವರ ಹೆಸರು ತಿರುಗಿಸಿ ಬರೆದದ್ದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಬರೆಯಬಾರದು ಅಂತಲೂ ಎಲ್ಲೂ ಇಲ್ಲ. "ತಂಗಿ, ಬರದು ಮಸಿ ಒಣಗಿತಂದ್ರ ನಿನ್ನ ಅಳು ಹೋಗತೈತಿ. ಮಗಳು ಸತ್ತಿದ್ದು ಸುದ್ದಿ ಇದ್ದಂಗ ಇರತೈತಿ, ಅಷ್ಟ" ಅಂದೆ.

"ಗೊತ್ತೈತಿ."

"ಅದರ ಸಲುವಾಗೇ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?"

"ನನ್ನ ಸಲುವಾಗಿ ಮಾಡಿದೆ. ಅದು ಈಗ ತಿಳೀತು. ಅಳಬೇಕಂತ ನನಗ ಆಶಾ ಇತ್ತು, ಆಕಿಗಿರಲಿಲ್ಲ. ಆಕಿಗೆ ಎಲ್ಲಾರ ಒಂದು ಕಡೆ ಸುಮ್ಮನ ಮಲಗಬೇಕು."

ದ್ಯಾಮಣ್ಣ ಕೈ ಬಿಡಿಸಿಕೊಂಡ. "ನಾ ಹೆಬ್ಬೆಟ್ಟು ಒತ್ತಂಗಿಲ್ಲ" ಅಂದ. "ಆಕಿ ನನ್ನ ಹೆಂಡ್ತಿ. ನನಗ ಮನಿ ಇಲ್ಲ, ಹೊಲ ಇಲ್ಲ, ಮಕ್ಕಳಾಗಲಿಲ್ಲ. ಆಕೀನ ನೆನಸಿ ಜಲ್ಲಿ ಹಾಕ್ಕೋತ ಅಳತೀನಿ. ನಂದು ಅಂತ ಇರೂದು ಅದೊಂದ. ಅದನ್ನೂ ಕಸಗೊಂಡ್ರ ನಾ ಏನ್ ಮಾಡ್ಲಿ, ಅತ್ತಿ?"

ಅವನು ಎದ್ದು ಹೋದ. ಅವನು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಎಂಟನೇ ದಿನ ಅವನೇ ಬಂದ. ಬೆಳಗಿನ ಮೊದಲ ದಾಟು ದಾಟಿಸುವಾಗ ಜಲ್ಲೆಗೆ ಏನೋ ಮೆತ್ತಗೆ ತಗುಲಿತಂತೆ. ಬಗ್ಗಿ ನೋಡಿದನಂತೆ. ಕೊರಳಲ್ಲಿ ಅವನು ಕಟ್ಟಿದ ತಾಳಿಯ ದಾರ ಇತ್ತು. ಅದರಿಂದಲೇ ಗುರುತು ಹಿಡಿದಿದ್ದ. ದೋಣಿಯ ಹಾಯಿಬಟ್ಟೆಯಲ್ಲಿ ಸುತ್ತಿ ದಂಡೆಗೆ ತಂದಿಟ್ಟು, ಹೊಳೆವ್ವನನ್ನು ಕರೆದುಕೊಂಡು ನೇರ ನಮ್ಮ ಕಟ್ಟೆಗೆ ಬಂದಿದ್ದ.

"ಬರೀರಿ ಮಾಮಾ" ಅಂದ. "ನಾ ಜಲ್ಲಿ ನೀರಿಗೆ ಹಾಕಾಕ ಆಗವಲ್ಲದು."

ನಾನು ಮಸಿ ಕಲಸಿದೆ. ಪುಸ್ತಕ ತೆರೆದೆ. ಹೊಳೆವ್ವ ನನ್ನ ಕೈ ಹಿಡಿದಳು.

"ಮದಲ ಇನ್ನೊಂದು ಕೆಲಸ ಮಾಡು. ಬ್ಯಾರೆ ಹಾಳಿ ತಗೋ. ನಾ ಹೆಂಗ ಅತ್ತೆ ಅಂತ ಬರಿ. ನಾ ಹೇಳತೀನಿ. ಒಣಗಿದ ಮ್ಯಾಲ ನನಗ ಗೊತ್ತಿರಂಗಿಲ್ಲ. ವರ್ಷಕ್ಕ ಒಮ್ಮೆ ನನಗ ಓದಿ ಹೇಳು."

ನಾನು ಹಾಳೆ ತಗೊಂಡೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿದ್ದದ್ದನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

"ಮದಲ ಕಿಬ್ಬೊಟ್ಟ್ಯಾಗ ಬರತೈತಿ, ಹೆರಿಗಿ ಬ್ಯಾನಿ ಬಂದಂಗ. ಕಣ್ಣಿಗೆ ಅದು ಆಮ್ಯಾಲ ಏರತೈತಿ. ಬೆಳಿಗ್ಗೆ ಎದ್ದ ಕೂಡಲೆ ಒಂದು ಗಳಿಗಿ ಇರಂಗಿಲ್ಲ, ಆಕಿ ಇದ್ದಾಳಂತ ತಿಳೀತೀನಿ. ಗಂಜಿಗೆ ಅಕ್ಕಿ ತೊಳ್ಯಾಕ ಕೈ ಹೋಗತೈತಿ. ಆಗ ನೆನಪಾಗತೈತಿ. ಗಂಟಲಾಗ ಒಣ ರೊಟ್ಟಿ ಸಿಕ್ಕಂಗ ಆಗತೈತಿ, ನೀರು ಕುಡದರ ಇಳಿಯಂಗಿಲ್ಲ. ಆಕಿ ಹಣಗ್ಯಾಗ ನಾಕು ಕೂದಲ ಅದಾವ, ಅವನ್ನ ತಗದಿಲ್ಲ. ಅತ್ತು ಮುಗದ ಮ್ಯಾಲ ಮೈ ಹಗರಾಗತೈತಿ, ಹಗರಾತಂತ ನಾಚಿಕಿ ಆಗತೈತಿ, ಅದಕ್ಕ ಮತ್ತ ಅಳತೀನಿ. ಮಂದಿ ಸುಮ್ಮನಾಗು ಅಂತಾರ. ನನಗ ಸುಮ್ಮನಾಗೂದು ಬ್ಯಾಡ. ಇಪ್ಪತ್ತು ವರ್ಷ ಸುಮ್ಮನ ಇದ್ದೆ. ಇಷ್ಟು ಬರಿ, ಸಾಕು."

ಹೇಳಿ ಮುಗಿಸಿ ದ್ಯಾಮಣ್ಣನ ಕಡೆ ನೋಡಿ, "ನಿಂದೂ ಬರಸಪ್ಪಾ" ಅಂದಳು. ಅವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಕೊನೆಗೆ, "ಆಕಿ ನನ್ನ ಬೈತಿದ್ದಳು, ಅಂತ ಬರೀರಿ" ಅಂದ. ಬರೆದೆ.

ಆಮೇಲೆ ಪುಸ್ತಕದಲ್ಲಿ ಸೋಂದ್ರರ ಹಾಳೆಯ ಹೆಸರಿನ ಮೇಲೆ ಗೆರೆ ಎಳೆದೆ. ನೀಮಂತರ ಹಾಳೆಯಲ್ಲಿ ಕಸ್ತೂರಿ ಅಂತ ಬರೆದೆ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ನಾನು ಉಸುಕು ಹಾಕಲಿಲ್ಲ, ಊದಲಿಲ್ಲ. ತಾನಾಗಿ ಒಣಗಲಿ ಅಂತ ಬಿಟ್ಟೆ. ಮಳೆಯ ದಿನ, ಒಣಗಲು ಹೊತ್ತು ಹಿಡಿಯಿತು. ಹೊಳೆವ್ವ ಪುಸ್ತಕದ ಮುಂದೆ ಬಗ್ಗಿ ಕೂತು ಅಳುತ್ತಲೇ ಇದ್ದಳು. ದ್ಯಾಮಣ್ಣ ಕಂಬಕ್ಕೆ ಮುಖ ಇಟ್ಟಿದ್ದ. ನಾನೂ ಅಳುತ್ತಿದ್ದೆ. ಅಕ್ಷರದ ಹೊಳಪು ಒಂದು ತುದಿಯಿಂದ ಆರುತ್ತ ಬಂತು. ಕೊನೆಯ ಗುಡಿಸಿನ ಹೊಳಪು ಆರಿದಾಗ ಹೊಳೆವ್ವ ಮೂಗು ಒರೆಸಿಕೊಂಡು, ಸೆರಗು ಒದ್ದೆಯಾದದ್ದನ್ನು ನೋಡಿ, ಸೋರುವ ಮಾಡಿನ ಕಡೆ ಕಣ್ಣೆತ್ತಿದಳು.

"ನಡೀರಿ, ಮಣ್ಣು ಮಾಡಿ ಬರೂಣು. ಮತ್ತ ಮಳಿ ಜೋರಾಗತೈತಿ" ಅಂದಳು.

ಮೂವರೂ ಹೋದೆವು. ಕುಣಿಯನ್ನು ನಾನೂ ದ್ಯಾಮಣ್ಣನೂ ತೋಡಿದೆವು. ಅವನು ಮಣ್ಣು ಎಳೆಯುತ್ತ, ಹೊಳೆಗೆ ಈ ವರ್ಷ ನೀರು ಜಾಸ್ತಿ, ಹೊಸ ಜಲ್ಲೆ ಕಡಿಯಬೇಕು ಅಂದ. ನಾನು, ಒಡ್ಡಿನ ಬಿದಿರಲ್ಲಿ ಒಂದು ಕೇಳು ಅಂದೆ. ನನಗೂ ಏನೂ ಅನ್ನಿಸಲಿಲ್ಲ. ಕೈ ಕೆಸರಾದದ್ದು ಗೊತ್ತಾಯಿತು, ಅಷ್ಟೇ. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಗುಡ್ಡೆ ಹಾಕಿದ ಮಣ್ಣು ಹಾಕಿದ ಹಾಗೇ ಇತ್ತು. ನೀರು ಎದ್ದಿರಲಿಲ್ಲ.

ದ್ಯಾಮಣ್ಣ ಮುಂದೆ ಫಿಸ್ಸರರ ಹುಡುಗಿಯನ್ನು ಮಾಡಿಕೊಂಡ. ಇಬ್ಬರು ಮಕ್ಕಳು. ಒಳ್ಳೆಯ ಸಂಸಾರಿ. ಅವನು ಹಾಳೆ ಓದಿಸಿಕೊಳ್ಳಲು ಯಾವತ್ತೂ ಬರಲಿಲ್ಲ. ಯಾಕೆ ಬರಬೇಕು ಅಂತ ಅವನಿಗೆ ಅನ್ನಿಸಿರಲಿಕ್ಕಿಲ್ಲ.

ಹೊಳೆವ್ವ ಬರುತ್ತಾಳೆ. ಪ್ರತಿ ಆಷಾಢದಲ್ಲಿ, ತಪ್ಪದೆ. ಈಗ ಬೆನ್ನು ಬಾಗಿದೆ, ಕೋಲು ಹಿಡಿಯುತ್ತಾಳೆ. ತಾನು ಸತ್ತರೆ ಯಾರೂ ಅಳುವುದಿಲ್ಲ ಅಂತ ಗೊತ್ತಿದೆ, ಅದನ್ನು ನಗುತ್ತ ಹೇಳುತ್ತಾಳೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ, "ಓದು" ಅನ್ನುತ್ತಾಳೆ. ನಾನು ಓದುತ್ತೇನೆ. ಕಿಬ್ಬೊಟ್ಟೆ, ಗಂಜಿಯ ಅಕ್ಕಿ, ಹಣಿಗೆಯ ಕೂದಲು. ಅವಳು ತಲೆ ಅಲ್ಲಾಡಿಸುತ್ತ, ನೆರೆಮನೆಯ ಸುದ್ದಿ ಕೇಳಿದ ಹಾಗೆ ಪೂರಾ ಕೇಳುತ್ತಾಳೆ.

ಹೋದ ವರ್ಷ ಓದಿ ಮುಗಿಸಿ ನಾನೇ ಕೇಳಿದೆ: "ನೆನಪೈತೇನು ತಂಗಿ?"

"ಎಲ್ಲಾ ನೆನಪೈತಿ. ಹೇಳಿದ್ದು ನೆನಪೈತಿ, ಹೆಬ್ಬೆಟ್ಟು ಒತ್ತಿದ್ದು ನೆನಪೈತಿ" ಅಂದಳು. ಎಲೆಯನ್ನು ಬಾಯಿಗಿಟ್ಟುಕೊಂಡು ಜಗಿದಳು. "ಪಾಪ, ಬಾಳ ಅತ್ತಾಳ ಆ ಹೆಣ್ಣುಮಗಳು."

ಕೋಲು ಊರಿ ಎದ್ದು ಸ್ಮಶಾನದ ಕಡೆ ನಡೆದಳು. ನಾನೂ ಹಿಂದೆ ಹೋದೆ. ಗಂಡನ ಗುಡ್ಡೆಯ ಬಾಜೂಕೆ ಮಗಳದ್ದು, ಹುಲ್ಲು ಬೆಳೆದು ಎರಡೂ ಒಂದೇ ಆಗಿವೆ. ಹೊಳೆವ್ವ ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಮಣ್ಣನ್ನು ಒತ್ತಿದಳು. ಒಂದು ಕಡೆ ಒತ್ತಿ, ಇನ್ನೊಂದು ಕಡೆ ಒತ್ತಿ, ತಲೆಯ ಹತ್ತಿರ ಇನ್ನೊಮ್ಮೆ ಒತ್ತಿ ನೋಡಿದಳು.

"ಗಟ್ಟಿ ಐತಿ" ಅಂದಳು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು.